ರವಿಕೆಯಿಂದ ಶುರು ಮಾಡಿ, ಸೀರೆಯಿಂದಲ್ಲ

ಮಾನ್ಯ ಸಂಪಾದಕರೇ,

ಕಡಿಮೆ ಬಟ್ಟೆಯಲ್ಲೇ ಚೆಂದವಾಗಿ ಉಡುವುದು ಹೇಗೆ ಎಂಬ ಬರಹಗಳು ಈಚೆಗೆ ಪುರವಣಿಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂಬ ಈ ಪದ್ಧತಿಯ ಬಗ್ಗೆ ನಮಗೆ ತಕರಾರಿಲ್ಲ. ತಕರಾರು ಇರುವುದು ಪಟ್ಟಿಯ ಬಗ್ಗೆ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಬೂದು ಸ್ವೆಟರ್, ಮಣ್ಣುಬಣ್ಣದ ಉದ್ದ ಕೋಟು: ಪ್ರತಿ ಸಲವೂ ಇವೇ. ವಾರಕ್ಕೆ ಮೂರು ದಿನ ಸೀರೆ, ಮೂರು ದಿನ ಕುರ್ತಾ ಹಾಕಿಕೊಂಡು ಶಾಲೆಗೋ ಬ್ಯಾಂಕಿಗೋ ಹೋಗುವ ಹೆಣ್ಣುಮಗಳು ಈ ಪಟ್ಟಿ ಇಟ್ಟುಕೊಂಡು ಮಾಡುವುದೇನು? ಏಪ್ರಿಲ್‌ನ ಕಲಬುರಗಿಯಲ್ಲಿ ಆ ಕೋಟು ಯಾರಿಗೆ ಬೇಕು?

ಲಂಡನ್ನಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಸೂಸಿ ಫೋ 1970ರ ದಶಕದಲ್ಲಿ ‘ಕ್ಯಾಪ್ಸೂಲ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದರು. 1985ರಲ್ಲಿ ನ್ಯೂಯಾರ್ಕಿನ ಉಡುಪು ವಿನ್ಯಾಸಕಿ ಡೊನ್ನಾ ಕರಣ್ ಕೆಲಸಕ್ಕೆ ಹೋಗುವ ಹೆಂಗಸರಿಗೆಂದು ಒಂದಕ್ಕೊಂದು ಕೂಡುವ ಏಳು ಉಡುಪುಗಳ ಸಂಗ್ರಹ ಮಾಡಿದರು. ಇಬ್ಬರ ಲೆಕ್ಕವೂ ಒಂದೇ. ಉಡುಪಿನ ಸಂಖ್ಯೆ ಮುಖ್ಯವಲ್ಲ, ಒಂದು ಉಡುಪು ಎಷ್ಟು ಉಡುಪುಗಳ ಜೊತೆ ಕೂಡುತ್ತದೆ ಎಂಬುದು ಮುಖ್ಯ. ಅವರ ಕಡೆ ಹಾಗೆ ಕೂಡಿಸುವ ಕೆಲಸ ಜಾಕೆಟ್‌ನದು. ನಮ್ಮ ಕಡೆ ಅದು ರವಿಕೆಯದು. ಐದೂವರೆ ಮೀಟರ್ ಸೀರೆಗೆ ಅಳತೆಯ ಹಂಗಿಲ್ಲ. ಹತ್ತು ಕಿಲೋ ತೂಕ ಹೆಚ್ಚಾದರೂ ಇಳಿದರೂ ಉಡಬಹುದು. ಬಿಗಿಯಾಗುವುದು ರವಿಕೆ. 30 ಸೀರೆ ಇದ್ದೂ ಉಡಲು ಏನಿಲ್ಲ ಎನ್ನುವವರ ಬೀರು ತೆರೆದು ನೋಡಿ: ಕೊರತೆ ಸೀರೆಗಲ್ಲ, ಇವತ್ತಿನ ಮೈಗೆ ಕೂಡುವ ರವಿಕೆಗೆ. ಪ್ರತಿ ಸೀರೆಗೂ ಅದರ ಜೊತೆ ಬರುವ ತುಂಡಿನಲ್ಲೇ ‘ಮ್ಯಾಚಿಂಗ್’ ಹೊಲಿಸುವ ರೂಢಿ ಇದಕ್ಕೆ ಕಾರಣ. ಒಂದು ರವಿಕೆ ಕೆಟ್ಟರೆ ಒಂದು ಸೀರೆ ಮೂಲೆಗೆ ಸೇರುತ್ತದೆ.

ಉತ್ತರ ಕರ್ನಾಟಕದಲ್ಲಿ ಈ ಸಮಸ್ಯೆಗೆ ಪರಿಹಾರ ಮೊದಲೇ ಇತ್ತು. ಇಳಕಲ್ ಸೀರೆಯ ಮೈ ಹಸಿರಿರಲಿ, ನೀಲಿಯಿರಲಿ, ಕಪ್ಪಿರಲಿ, ಟೋಪಿ ತೆನೆ ಎಂಬ ವಿನ್ಯಾಸದ ಸೆರಗು ಸಾಮಾನ್ಯವಾಗಿ ಕೆಂಪೇ. ಅದರ ಮೇಲೆ ತೊಡುತ್ತಿದ್ದದ್ದು ಗುಳೇದಗುಡ್ಡದಲ್ಲಿ ರವಿಕೆಗೆಂದೇ ನೇಯುವ ಖಣದ ಕುಪ್ಪಸ. ಖಣಕ್ಕೆ ಸೀರೆಯ ಮೈಬಣ್ಣದ ಹಂಗಿರಲಿಲ್ಲ. ಎರಡು ಕುಪ್ಪಸದಲ್ಲಿ ಆರು ಸೀರೆ ನಡೆಯುತ್ತಿದ್ದವು.

ಇದನ್ನೇ ಇವತ್ತಿಗೆ ಹೊಂದಿಸಿದರೆ ನಾಲ್ಕು ರವಿಕೆ ಸಾಕು: ಮರೂನ್ ಖಣ, ಮಾಸಲು ಚಿನ್ನದ ಬಣ್ಣದ್ದು, ಕಡುಹಸಿರು, ನೀಲಿ ಅಚ್ಚಿನ ಹತ್ತಿಯದು. ರವಿಕೆಯ ಬಣ್ಣವನ್ನು ಸೀರೆಯ ಮೈಯಿಂದ ಆರಿಸಬೇಡಿ, ಅಂಚಿನಿಂದ ಅಥವಾ ಬುಟ್ಟಾದಿಂದ ಆರಿಸಿ. ಬೂದು, ಬಿಳಿ, ಕಪ್ಪು ಎಲ್ಲದರ ಜೊತೆ ಹೋಗುತ್ತವೆ ಎಂಬ ಮಾತು ನಮ್ಮಲ್ಲಿ ಅರ್ಧ ಮಾತ್ರ ನಿಜ. ನಾಮಕರಣಕ್ಕೆ, ಮದುವೆಗೆ ಕಪ್ಪು ಬೇಡ ಎನ್ನುವ ಮನೆಗಳು ಇನ್ನೂ ಬಹಳ. ಮಳೆಗಾಲದಲ್ಲಿ ಅಗಲ ಕಾಲಿನ ತಿಳಿಬಣ್ಣದ ಪಲಾಜೋ ಪ್ಯಾಂಟಿನ ಅಂಚು ಒಂದೇ ದಿನಕ್ಕೆ ಕೆಸರು ಹಿಡಿಯುತ್ತದೆ. ನಮ್ಮಲ್ಲಿ ಯಾವುದರ ಜೊತೆಗೂ ಸಲ್ಲುವ ಬಣ್ಣಗಳೆಂದರೆ ಮರೂನ್, ಕಡುನೀಲಿ, ಮಾಸಲು ಚಿನ್ನ.

ರವಿಕೆ ನಾಲ್ಕೇ ಎಂದಾದ ಮೇಲೆ ಅವುಗಳ ಹೊಲಿಗೆ ಚೊಕ್ಕವಾಗಿರಲೇಬೇಕು. ಸೀರೆಯ ಜೊತೆ ಬರುವ 80 ಸೆಂ.ಮೀ. ತುಂಡು ಗಿಡ್ಡ ತೋಳಿಗೆ ಸಾಕು. ಮೊಳಕೈವರೆಗೆ ತೋಳು ಬೇಕಿದ್ದರೆ, ಅಥವಾ ಎದೆಯಳತೆ 38 ಇಂಚು ದಾಟಿದ್ದರೆ, 1 ಮೀಟರ್ ತೆಗೆದುಕೊಳ್ಳಿ. ಲೈನಿಂಗ್ ಹತ್ತಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಒಳಬಟ್ಟೆ ಕುಗ್ಗುತ್ತದೆ, ಹೊರಬಟ್ಟೆ ಕುಗ್ಗುವುದಿಲ್ಲ, ರವಿಕೆ ಎಲ್ಲೆಡೆ ಸುರುಟಿಕೊಳ್ಳುತ್ತದೆ. ಸೀರೆಯ ಫಾಲ್ಸಿಗೂ ಇದೇ ಮಾತು. ಅಂಚು ಒಳಕ್ಕೆ ಮುದುಡಿ ನೆರಿಗೆ ನಿಲ್ಲದಿರಲು ಹೆಚ್ಚಿನ ಸಲ ನೆನೆಸದೆ ಹಚ್ಚಿದ ಫಾಲ್ಸೇ ಕಾರಣ.

ಬದಿಯ ಹೊಲಿಗೆಯಲ್ಲಿ, ಮುಂದಿನ ತುಂಡಿಗೂ ಹಿಂದಿನದಕ್ಕೂ, ಒಂದೂವರೆ ಇಂಚು ಬಟ್ಟೆಯನ್ನು ಒಳಗೇ ಬಿಡಿಸಿ, ಮೂರು ಸಾಲು ಹೊಲಿಗೆ ಹಾಕಿಸಿ. ಮುಂದೆ ಮೈ ತುಂಬಿದಾಗ ಒಂದೊಂದೇ ಸಾಲು ಬಿಚ್ಚುತ್ತ ಒಟ್ಟು 3-4 ಇಂಚು ಸಡಿಲಿಸಬಹುದು. ಈ ಮಾತನ್ನು ಬಟ್ಟೆ ಕೊಡುವಾಗಲೇ ಹೇಳಬೇಕು, ಏಕೆಂದರೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿಯೇ ಮುಂದೆ ಹೋಗುತ್ತದೆ. ಖಣ, ರೇಷ್ಮೆಯಂಥ ಬಟ್ಟೆಗಳಲ್ಲಿ ಬಗಲಿನ ಹತ್ತಿರ ಎಳೆ ಜಾರಿ ಹೊಲಿಗೆ ಬಾಯಿ ಬಿಡುತ್ತದೆ. ಒಳಗೆ ಬಿಟ್ಟ ಬಟ್ಟೆ ಅದನ್ನೂ ತಡೆಯುತ್ತದೆ.

ಬಗಲಿನ, ಅಂದರೆ ರವಿಕೆಗೆ ತೋಳು ಕೂಡುವ ಸುತ್ತಿನ, ಬಗ್ಗೆ ಇನ್ನೊಂದು ಮಾತು. ಬೋರ್ಡಿನ ಮೇಲೆ ಬರೆಯುವ ಶಿಕ್ಷಕಿಯರು, ಬಸ್ಸಿನಲ್ಲಿ ಸರಳು ಹಿಡಿದು ನಿಲ್ಲುವವರು ಎಲ್ಲರೂ ಹೇಳುವ ದೂರು: ಕೈ ಎತ್ತಿದರೆ ರವಿಕೆಯೇ ಮೇಲೇರುತ್ತದೆ. ಬಗಲು ಬಿಗಿಯಾಯಿತೆಂದು ಇನ್ನಷ್ಟು ಕೆಳಗೆ ಇಳಿಸಿಕೊಳ್ಳುತ್ತಾರೆ. ಅದರಿಂದ ತೊಂದರೆ ಹೆಚ್ಚುತ್ತದೆ. ಬಗಲು ಕೆಳಗಿದ್ದಷ್ಟೂ ತೋಳಿನ ಜೊತೆ ಇಡೀ ರವಿಕೆ ಎಳೆದುಕೊಂಡು ಬರುತ್ತದೆ. ಬಗಲು ಕಂಕುಳಿಗೆ ಹತ್ತಿರವಿದ್ದು, ತೋಳಿನ ಮೇಲ್ಭಾಗ ಅಗಲವಾಗಿರಬೇಕು. ಅಳತೆ ಕೊಡುವಾಗ ಕೈ ಎತ್ತಿ ತೋರಿಸಿ. ಹಳೆಯ ರವಿಕೆಯನ್ನೇ ಅಳತೆಗೆ ಕೊಟ್ಟರೆ ಹಳೆಯ ತಪ್ಪೂ ಅದರ ಜೊತೆ ಬರುತ್ತದೆ.

ಇನ್ನು ಎಣಿಕೆ. ಬೀರುವಿನಲ್ಲಿ ಇಷ್ಟೇ ಉಡುಪು ಇರಬೇಕು ಎನ್ನುವ ಹೊರಗಿನ ಅಂಕೆ, 33 ಇರಲಿ, 40 ಇರಲಿ, ಕೆಲಸಕ್ಕೆ ಬರುವುದಿಲ್ಲ. ಎರಡು ಒಗೆತದ ನಡುವಿನ ದಿನಗಳು, ಬಟ್ಟೆ ಒಣಗಲು ಹಿಡಿಯುವ ದಿನಗಳು, ಅದರ ಮೇಲೆ ಎರಡು: ಕೆಲಸದ ಉಡುಪು ಅಷ್ಟು ಜೊತೆ ಬೇಕು. ನಾಲ್ಕು ದಿನಕ್ಕೊಮ್ಮೆ ಒಗೆದು, ಬಿಸಿಲಿಗೆ ಒಂದೇ ದಿನದಲ್ಲಿ ಒಣಗುವ ಬಳ್ಳಾರಿಯಲ್ಲಿ ಏಳು ಜೊತೆ. ಹತ್ತಿ ಒಣಗಲು ಮೂರು ದಿನ ಹಿಡಿಯುವ ಜುಲೈ ತಿಂಗಳ ಶಿರಸಿಯಲ್ಲಿ ಒಂಬತ್ತು. ಮಲೆನಾಡು, ಕರಾವಳಿಯವರು ಅವುಗಳಲ್ಲಿ ಮೂರು-ನಾಲ್ಕನ್ನು ಬೇಗ ಒಣಗುವ ಜಾರ್ಜೆಟ್, ಶಿಫಾನ್, ಪಾಲಿಯೆಸ್ಟರ್ ಬೆರಕೆಯಲ್ಲಿ ಇಟ್ಟುಕೊಂಡರೆ ಮಳೆಗಾಲ ಸಲೀಸಾಗಿ ಸಾಗುತ್ತದೆ. ದಪ್ಪ ಜೀನ್ಸ್ ಆ ನಾಲ್ಕು ತಿಂಗಳು ಒಳಗೇ ಇರಲಿ. ಸೊಂಟಪಟ್ಟಿ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ವಾರದಲ್ಲಿ ಅರ್ಧ ಸೀರೆ, ಅರ್ಧ ಕುರ್ತಾ ಹಾಕುವವರಿಗೆ ನಮ್ಮ ಲೆಕ್ಕ ಹೀಗಿದೆ: ದಿನಬಳಕೆಯ ಸೀರೆ ಐದು, ಸಮಾರಂಭಕ್ಕೆ ಎರಡು, ರವಿಕೆ ನಾಲ್ಕು, ಒಳಲಂಗ ಮೂರು, ಕುರ್ತಾ ಐದು, ಕೆಳಗಿನ ತೊಡುಗೆ ಮೂರು, ದುಪಟ್ಟಾ ಎರಡು. ಒಟ್ಟು 24. ಐದು ಕುರ್ತಾ, ಮೂರು ಪ್ಯಾಂಟು ಎಂದರೆ ಕಾಗದದ ಮೇಲೆ 15 ಜೋಡಿ. ನಿಜದಲ್ಲಿ ಆರೇಳಕ್ಕೇ ನಿಲ್ಲುತ್ತದೆ. ಅದಕ್ಕೆ ಕಾರಣ ಬಣ್ಣವಲ್ಲ, ಉದ್ದ. ಸೊಂಟದಿಂದಲೇ ಸೀಳು ಶುರುವಾಗುವ 46 ಇಂಚಿನ ಕುರ್ತಾ ಲೆಗ್ಗಿಂಗ್ಸ್ ಮೇಲೆ ಚೆನ್ನ, ಪಲಾಜೋ ಮೇಲೆ ಹಾಕಿದರೆ ಎರಡು ಲಂಗ ಉಟ್ಟಂತೆ ಕಾಣುತ್ತದೆ. 34 ಇಂಚಿನದಕ್ಕೆ ಪಲಾಜೋ ಸರಿ, ಲೆಗ್ಗಿಂಗ್ಸ್ ಮುಜುಗರ. ಎಲ್ಲ ಕುರ್ತಾಗಳೂ 40-42 ಇಂಚಿನ ಆಸುಪಾಸು, ಸೀಳು ಸೊಂಟಕ್ಕಿಂತ ನಾಲ್ಕೈದು ಇಂಚು ಕೆಳಗೆ ಇದ್ದು, ಕೆಳಗೆ ನೇರ ಪ್ಯಾಂಟು ಇದ್ದರೆ ಬಹುತೇಕ ಎಲ್ಲ ಜೋಡಿಗಳೂ ಕೂಡುತ್ತವೆ. ಕುರ್ತಾಕ್ಕೆ ಎರಡೂವರೆ ಮೀಟರ್ ಖಾದಿ ತಂದರೆ ಹೊಲಿಗೆಗೆ ಕೊಡುವ ಮುಂಚೆ ನೆನೆಸಿ ಒಣಗಿಸಿ. ಶೇ 5ರಷ್ಟು ಕುಗ್ಗಿದರೂ 42 ಇಂಚಿನಲ್ಲಿ ಎರಡು ಇಂಚು ಹೋಗುತ್ತದೆ.

ಗಂಡಸರದು ಸುಲಭ. ಅಂಗಿ ಐದು, ಪ್ಯಾಂಟು ಮೂರು, ಶಲ್ಯದ ಜೊತೆಗೆ ಪಂಚೆ ಒಂದು. ಪ್ಯಾಂಟು ಮೂರೂ ಕಡುಬಣ್ಣದವಾಗಿದ್ದು, ಅಂಗಿಗಳಲ್ಲಿ ಎರಡಕ್ಕಿಂತ ಹೆಚ್ಚು ಚೌಕುಳಿಯವು ಇಲ್ಲದಿದ್ದರೆ ಆಯಿತು.

ತನ್ನ ಶೈಲಿ ಯಾವುದು ಎಂದು ತಿಳಿಯಲು ಫ್ಯಾಶನ್ ಚಿತ್ರಗಳನ್ನು ನೋಡುವುದಕ್ಕಿಂತ ಎರಡು ವಾರ ಒಂದು ಚೀಟಿ ಇಡುವುದು ಮೇಲು. ಇವತ್ತು ಏನು ಹಾಕಿಕೊಂಡೆ, ದಿನದಲ್ಲಿ ಎಷ್ಟು ಸಲ ಎಳೆದು ಸರಿಮಾಡಿಕೊಂಡೆ: ಇವೆರಡೇ ಬರೆಯಿರಿ. ಜಾರುವ ದುಪಟ್ಟಾ, ಹಿಂದಕ್ಕೆ ಸರಿಯುವ ಕತ್ತು, ಮೇಲೇರುವ ತೋಳು ಎಷ್ಟೇ ಚೆಂದವಿದ್ದರೂ ನಿಮ್ಮವಲ್ಲ. ಹ್ಯಾಂಗರ್‌ಗಳ ಕೊಕ್ಕೆಯನ್ನೆಲ್ಲ ಹಿಂದುಮುಂದಾಗಿ ತೂಗುಹಾಕಿ, ಹಾಕಿಕೊಂಡದ್ದನ್ನು ಮಾತ್ರ ಸರಿದಿಕ್ಕಿಗೆ ತಿರುಗಿಸಿ. ಸೀರೆಯ ಮಡಿಕೆಯಲ್ಲಿ ಉಟ್ಟ ತಾರೀಖಿನ ಚೀಟಿ ಇಡಿ. ಮೂರು ತಿಂಗಳಿಗೆ ಬೀರು ತಾನೇ ಉತ್ತರ ಹೇಳುತ್ತದೆ. ಅಲ್ಲಿಯವರೆಗೆ ಹೊಸದು ಕೊಳ್ಳಬೇಡಿ. ಕ್ಯಾಪ್ಸೂಲ್ ಮಾಡುತ್ತೇನೆಂದು ಹತ್ತು ಹೊಸ ಬಟ್ಟೆ ತರುವುದು ಈಚಿನ ದೊಡ್ಡ ತಪ್ಪು.

ಆಷಾಢದ ರಿಯಾಯಿತಿ ಮಾರಾಟದಲ್ಲಿ ಈ ತಪ್ಪು ಹೆಚ್ಚು. ಬೀರುವಿನಲ್ಲಿರುವ ಮೂರು ಉಡುಪುಗಳ ಜೊತೆ ಕೂಡದ್ದನ್ನು ಅರ್ಧ ಬೆಲೆಗೂ ತರಬಾರದು. ಬೆಲೆಯನ್ನು ಉಟ್ಟ ಸಲಗಳಿಂದ ಭಾಗಿಸಿ ನೋಡಿ: 1,800 ರೂಪಾಯಿಯ ಸೀರೆಯನ್ನು 60 ಸಲ ಉಟ್ಟರೆ ಸಲಕ್ಕೆ 30 ರೂಪಾಯಿ, 600 ರೂಪಾಯಿಯ ಕುರ್ತಾ ಆರು ಸಲಕ್ಕೆ ಮೂಲೆ ಸೇರಿದರೆ ಸಲಕ್ಕೆ 100. ಅಂಗಡಿಯ ದೀಪದಡಿ ಕೂಡಿದ ಬಣ್ಣ ಬಿಸಿಲಲ್ಲಿ ಬೇರೆಯಾಗಿ ಕಾಣುವುದುಂಟು. ಆದ್ದರಿಂದ ರವಿಕೆ ಬಟ್ಟೆಯನ್ನು ಬಾಗಿಲ ಬೆಳಕಿಗೆ ತಂದು, ಸೀರೆಯ ಮೇಲಿಟ್ಟು ನೋಡಿಯೇ ಕತ್ತರಿಸಲು ಹೇಳಿ.

ಕಡಿಮೆ ಬಟ್ಟೆ ಎಂದರೆ ಪ್ರತಿಯೊಂದೂ ಹೆಚ್ಚು ಸವೆಯುತ್ತದೆ. ಕೆಂಪು ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಸೆರಗಿನ ಒಳಭಾಗಕ್ಕೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬೇರೆಯಾಗಿ, ತಣ್ಣೀರಿನಲ್ಲಿ, ನೆನೆಯಿಡದೆ ಒಗೆಯುವುದೊಂದೇ ದಾರಿ. ಇಳಕಲ್ ಸೀರೆಯಲ್ಲಿ ಮೈಯ ಹಾಸೆಳೆ (ಉದ್ದಕ್ಕೆ ಹಾಸಿದ ಎಳೆ), ಸೆರಗಿನ ಹಾಸೆಳೆ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸಿದವು. ಆ ಗೆರೆಯ ಮೇಲೆ ಸೇಫ್ಟಿ ಪಿನ್ ಚುಚ್ಚಬಾರದು. ಮೈಸೂರು ರೇಷ್ಮೆಯ ಕ್ರೇಪ್ ಬಿಗಿಯಾಗಿ ಹುರಿಗೊಳಿಸಿದ ನೂಲಿನದು. ನೀರು ತಾಗಿದರೆ ಆ ನೂಲು ಮುದುಡಿ ಸೀರೆ ಕುಗ್ಗುತ್ತದೆ, ಡ್ರೈವಾಶೇ ಆಗಬೇಕು. ಜರಿ ಸೀರೆಗೆ ನುಸಿಗುಳಿಗೆ ತಾಗದಿರಲಿ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಟ್ಟು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲವಾದರೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ. ಬೀರುವಿನಿಂದ ಹೊರಬಿದ್ದ ಹತ್ತಿ ಸೀರೆಗಳು ಕೌದಿಗೆ ಹೋಗಲಿ. ನಾಲ್ಕೈದು ಮೆತ್ತನೆಯ ಸೀರೆಗೆ ಒಂದು ಒಳ್ಳೆಯ ಕೌದಿ ಆಗುತ್ತದೆ. ರೇಷ್ಮೆ, ಪಾಲಿಯೆಸ್ಟರ್ ಸೇರಿಸಬೇಡಿ, ಪದರ ಜಾರಿ ಹೊಲಿಗೆ ನಿಲ್ಲುವುದಿಲ್ಲ.

ತಮ್ಮ ಪುರವಣಿಯಲ್ಲಿ ನಮ್ಮ ಬೇಡಿಕೆ ಇಷ್ಟು. ಉಡುಪಿನ ಪಟ್ಟಿ ಪ್ರಕಟಿಸುವಾಗ ಯಾವ ಊರಿನ ಹವೆಗೆ, ಯಾವ ಕೆಲಸದವರಿಗೆ ಎಂದು ಹೇಳಿ. ವರ್ಷಕ್ಕೊಂದು ಪಟ್ಟಿಯ ಬದಲು ಬೇಸಿಗೆಗೆ ಮಾರ್ಚ್ ಮೊದಲ ವಾರ, ಮಳೆಗಾಲಕ್ಕೆ ಮೇ ಕೊನೆಯ ವಾರ ಬೇರೆ ಬೇರೆಯಾಗಿ ಕೊಡಿ. ಚಿತ್ರಕ್ಕೆ ಹೊಸ ಬಟ್ಟೆಯ ಜಾಹೀರಾತಿನ ಫೋಟೊ ಬೇಡ. ಒಂದೇ ರವಿಕೆಯನ್ನು ನಾಲ್ಕು ಸೀರೆಗಳ ಮೇಲೆ ಇಟ್ಟು ತೆಗೆದ ನಾಲ್ಕು ಫೋಟೊ ಹಾಕಿ, ಪಕ್ಕದಲ್ಲಿ ಆ ರವಿಕೆಯ ಅಳತೆಯನ್ನೂ ಒಳಗೆ ಬಿಟ್ಟ ಬಟ್ಟೆಯ ಲೆಕ್ಕವನ್ನೂ ಅಚ್ಚು ಮಾಡಿ.

ಇತಿ,
ಹೊಲಿಗೆ ಕಲಿಸುವ ಇಬ್ಬರು ಶಿಕ್ಷಕಿಯರು, ಧಾರವಾಡ