ಬೆಟ್ಟದ ನೆತ್ತಿಯ ಹುಲ್ಲಿನಲ್ಲಿ ಗುಂಡಿ ತೋಡಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕೊಡಗಿನ ಬೆಟ್ಟಗಳಲ್ಲಿ ಸಸಿ ನೆಡುವ ಭರಾಟೆ. ಉತ್ಸಾಹವೇನೋ ಸರಿ, ಆರಿಸುವ ಜಾಗ ಎಷ್ಟೋ ಸಲ ತಪ್ಪು. ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿಯ ನೆತ್ತಿಯ ಹುಲ್ಲನ್ನು ಬೋಳು ನೆಲವೆಂದು ತಿಳಿಯಬಾರದು. ಗಾಳಿ ಬಡಿಯುವ ತೆಳು ಮಣ್ಣಿನಲ್ಲಿ ಹುಲ್ಲು, ತೇವ ನಿಲ್ಲುವ ಕೊಲ್ಲಿಯಲ್ಲಿ ಶೋಲಾ ಎಂಬ ದಟ್ಟ ನಿತ್ಯಹಸಿರು ಕಾಡು. ಇಲ್ಲಿನ ಬೆಟ್ಟ ಬೆಳೆದುಬಂದದ್ದೇ ಹೀಗೆ. ಕಡವೆ, ಕಾಟಿಗಳು ಮೇಯಲು ಹುಲ್ಲಿಗೆ ಬರುತ್ತವೆ, ಬಿಸಿಲೇರಿದರೆ ಕೊಲ್ಲಿಯ ಮರೆ ಸೇರುತ್ತವೆ. ಹುಲ್ಲಿನ ಮೇಲೆ ಅಕೇಶಿಯಾ, ಸಿಲ್ವರ್ ಓಕ್ ನೆಟ್ಟರೆ ಮೇವೂ ಹೋಯಿತು, ಶೋಲಾ ಕೂಡ ಬೆಳೆಯಲಿಲ್ಲ.

ನೆಡಬೇಕಾದದ್ದು ಶೋಲಾದ ಅಂಚಿನಲ್ಲಿ, ಹಿಂದೆ ಮರವಿದ್ದು ಈಗ ಲಂಟಾನ ಎಂಬ ಕಳೆಪೊದೆ ತುಂಬಿರುವ ಕಡೆ. ಲಂಟಾನವನ್ನು ಕತ್ತಿಯಲ್ಲಿ ಸವರಿದರೆ ಮುಂದಿನ ಮಳೆಗೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಮಣ್ಣಿನ ಮಟ್ಟದಿಂದ 3–5 ಸೆಂ.ಮೀ. ಕೆಳಗೆ ಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿಟ್ಟು ಒಣಗಿಸಬೇಕು. ಇಳಿಜಾರನ್ನು ಒಂದೇ ಸಲಕ್ಕೆ ಬೋಳಿಸದೆ ಪಟ್ಟೆ ಪಟ್ಟೆಯಾಗಿ ತೆಗೆಯಿರಿ. 2018ರ ಭೂಕುಸಿತ ಕಂಡ ಜಿಲ್ಲೆಯಲ್ಲಿ ಕಡಿದಾದ ಜಾಗಕ್ಕೆ ಜೆಸಿಬಿ ಹತ್ತಿಸುವುದಂತೂ ಬೇಡವೇ ಬೇಡ. ಹಾರೆಯಲ್ಲಿ ಒಂದಡಿ ಗುಂಡಿ ಸಾಕು.

ಹೆಚ್ಚಿನವರು ಸೋಲುವುದು ಬೀಜದಲ್ಲೇ. ನೇರಳೆ, ಧೂಪ, ಹೆಬ್ಬಲಸಿನ ಬೀಜಗಳು ಭತ್ತದಂತೆ ಒಣಗಿಸಿ ಎತ್ತಿಡುವಂಥವಲ್ಲ. ತೇವ ಆರಿದರೆ ಸತ್ತಂತೆ. ಉದುರಿದ ಹಣ್ಣನ್ನು ಆಗಾಗ ಆರಿಸಿ, ತಿರುಳು ತೊಳೆದು, ತೂತು ಬಿದ್ದದ್ದನ್ನು ಬೇರ್ಪಡಿಸಿ, ಆ ವಾರವೇ ನೆರಳಿನ ಮಡಿಗೆ ಹಾಕಬೇಕು. ಮಣ್ಣಿಗೆ ಅದೇ ಶೋಲಾದ ಒಂದೆರಡು ಬುಟ್ಟಿ ತರಗೆಲೆ ಮಣ್ಣು ಬೆರೆಸಿ. ಬೇರಿಗೆ ಜೊತೆಯಾಗುವ ಶಿಲೀಂಧ್ರ ಅದರಲ್ಲಿರುತ್ತದೆ. ಕಾಫಿ ಸಸಿಯ ಚಿಕ್ಕ ಚೀಲದಲ್ಲಿ ಇವನ್ನು ವರ್ಷಗಟ್ಟಲೆ ಇಟ್ಟರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತುತ್ತದೆ. ಅಂಥ ಗಿಡ ಮೊದಮೊದಲು ಹಸಿರಾಗಿ ಕಂಡರೂ ಬೇರು ಆಳಕ್ಕಿಳಿಯದೆ ಬೇಸಿಗೆಗೆ ಒಣಗುತ್ತದೆ, ಇಲ್ಲವೇ ಗಾಳಿಗೆ ವಾಲುತ್ತದೆ. ಒಂದಡಿ ಉದ್ದದ ಚೀಲ ಬಳಸಿ.

ನಾಗಸಂಪಿಗೆ, ಧೂಪದ ಎಳೆ ಗಿಡಗಳು ನೇರ ಬಿಸಿಲು ತಡೆಯುವುದಿಲ್ಲ. ಮೊದಲು ಚಂದಕಲಿನಂಥ ಬೇಗ ಬೆಳೆಯುವ ಸ್ಥಳೀಯ ಮರ ಎಬ್ಬಿಸಿ, ನೆರಳು ಕೂಡಿದ ಮೇಲೆ ಇವನ್ನು ನೆಡಿ. ನಡುನಡುವೆ ಅತ್ತಿ ಇರಲಿ, ಮಂಗಟ್ಟೆ ಹಕ್ಕಿಗಳಿಗೆ ಅದು ಬಲು ಮುಖ್ಯ ಆಹಾರ.

ಮಂಗಟ್ಟೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಕಾಡು ಸ್ವಚ್ಛ ಮಾಡುವ ನೆಪದಲ್ಲಿ ಟೊಳ್ಳು ಮರ ಉರುಳಿಸಬೇಡಿ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ, ಬಾಯಿ ಮುಚ್ಚಿ, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು ಮರಿ ಮಾಡುತ್ತದೆ. ಅದು ಹಿಡಿಸುವಷ್ಟು ದೊಡ್ಡ ಪೊಟರೆ ಹಳೆಯ ಮರದಲ್ಲಿ ಮಾತ್ರ ಸಿಗುತ್ತದೆ. ಈಗ ನೆಟ್ಟ ಸಸಿಯಲ್ಲಿ ಅದಾಗಲು ತಲೆಮಾರುಗಳೇ ಬೇಕು.

ಅನುದಾನವೆಲ್ಲ ನೆಡುವ ದಿನಕ್ಕೇ ಮುಗಿದರೆ ಗಿಡ ಉಳಿಯುವುದಿಲ್ಲ. ಹುಲ್ಲಿನ ಬೆಂಕಿ ಮೊದಲು ಸುಡುವುದು ಶೋಲಾದ ಅಂಚಿನ ಸಸಿಗಳನ್ನೇ. ಕನಿಷ್ಠ ಮೂರು ವರ್ಷದ ಕಳೆ ತೆಗೆತ, ಸತ್ತ ಗಿಡದ ಜಾಗಕ್ಕೆ ಮರುನೆಡುವಿಕೆ, ಹುಲ್ಲು ಒಣಗುವ ಮುಂಚೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ), ಇಷ್ಟಕ್ಕೂ ಹಣ ತೆಗೆದಿಟ್ಟೇ ಸಸಿಗಳ ಸಂಖ್ಯೆ ನಿಗದಿ ಮಾಡಬೇಕೆಂದು ಅರಣ್ಯ ಇಲಾಖೆಯನ್ನೂ ಸಂಘ-ಸಂಸ್ಥೆಗಳನ್ನೂ ಕೋರುತ್ತೇವೆ.

– ಕಾಡುಮರದ ಸಸಿ ಬೆಳೆಸುವವರು, ಭಾಗಮಂಡಲ