ಆಸ್ಕರ್ ಆಮೇಲೆ, ಮೊದಲು ಆ ಕಣ್ಣು

ಪ್ರೀತಿಯ ತಂಗಿ,

ಇಂಗ್ಲೆಂಡಿನ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಎರಡು ಸಲ ಓದಿದೆ. 1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟು, 1956ರಲ್ಲಿ ಡೇಮ್ ಗೌರವ (ಗಂಡಸರ 'ಸರ್' ಪದವಿಯಂಥದು), 77ನೇ ವಯಸ್ಸಿನಲ್ಲಿ ಆಸ್ಕರ್, 1991ರಲ್ಲಿ ಸಾವು. ಒಂದಂಕಿಯೂ ತಪ್ಪಿಲ್ಲ. ಆದರೆ ಆಕೆ ಅಭಿನಯಿಸುವುದು ಒಂದು ಸಾಲಿನಲ್ಲೂ ಕಾಣಲಿಲ್ಲ ನೋಡು.

ನಾನೂ ಇದನ್ನೇ ಮಾಡಿ ಬೈಸಿಕೊಂಡವನು. ಕಂಪನಿ ನಾಟಕದ ಹಿರಿಯ ನಟಿಯೊಬ್ಬರು ತೀರಿಕೊಂಡಾಗ ಪತ್ರಿಕೆಗೆ ಅರ್ಧ ಪುಟ ಬರೆದಿದ್ದೆ. ಅವರ ಜೊತೆ ವರ್ಷಾನುಗಟ್ಟಲೆ ಪೇಟಿ ನುಡಿಸಿದ್ದ ಮಾಸ್ತರರು ಓದಿ, "ಎಲ್ಲಾ ಬರದೀರಿ, ಅಕ್ಕಾರು ಸ್ಟೇಜಿನ ಮ್ಯಾಲೆ ಹೆಂಗ ನಡೀತಿದ್ರು ಅನ್ನೋದು ಬರೀಲಿಲ್ಲಲ್ರೀ" ಅಂದರು. ಉತ್ತರ ಇರಲಿಲ್ಲ.

ಹಾಗಾಗಿ ಆಸ್ಕರ್‌ನಿಂದ ಶುರು ಮಾಡಬೇಡ. 1935ರ ಹಿಚ್‌ಕಾಕ್ ಚಿತ್ರ 'ದಿ 39 ಸ್ಟೆಪ್ಸ್' ಇನ್ನೊಮ್ಮೆ ಹಾಕಿಕೊಂಡು ನೋಡು. ಅದರಲ್ಲಿ ಆಕೆಯದು ಕೆಲವೇ ನಿಮಿಷಗಳ ಪಾತ್ರ: ಸ್ಕಾಟ್ಲೆಂಡಿನ ಮೂಲೆಯ ಹೊಲಮನೆ, ಸಿಡುಕು ಮುದುಕನ ಎಳೆಯ ಹೆಂಡತಿ. ಗಂಡ ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುತ್ತಿದ್ದಾನೆ. ಇವಳ ಕಣ್ಣು ಮೇಜಿನ ಮೇಲಿನ ಪತ್ರಿಕೆಯ ಕೊಲೆ ಸುದ್ದಿಗೆ ಹೋಗುತ್ತದೆ, ಅಲ್ಲಿಂದ ಎದುರಿಗೆ ಕೂತ ಅಪರಿಚಿತನಿಗೆ. ಮಾತೇ ಇಲ್ಲ. ಗಂಡ ಆ ನೋಟವನ್ನು ಹಿಡಿದು ಬೇರೇನೋ ಸಂಶಯಪಡುತ್ತಾನೆ. ಇದೇ ವರ್ಷ ಲಂಡನ್ನಿನಲ್ಲಿ ಆಕೆ ಜೂಲಿಯೆಟ್. ನಟರಾದ ಜಾನ್ ಗೀಲ್‌ಗುಡ್, ಲಾರೆನ್ಸ್ ಒಲಿವಿಯೆ ಇಬ್ಬರೂ ರೋಮಿಯೋ ಪಾತ್ರವನ್ನು ಅದಲುಬದಲು ಮಾಡಿಕೊಂಡ ಆ ಪ್ರಸಿದ್ಧ ಪ್ರಯೋಗ. ನೀನು ಆ ಗಂಡಸರಿಬ್ಬರಿಗೆ ಇಡೀ ಪ್ಯಾರಾ ಕೊಟ್ಟು ಜೂಲಿಯೆಟ್‌ಗೆ ಅರ್ಧ ವಾಕ್ಯ ಕೊಟ್ಟಿದ್ದೀಯ. ಯಾಕಮ್ಮಾ?

1930ರಲ್ಲಿ ಅಮೆರಿಕದ ಕಪ್ಪು ನಟ ಪಾಲ್ ರೋಬ್ಸನ್ ಶೇಕ್ಸ್‌ಪಿಯರನ ಒಥೆಲೋ ಆದಾಗ ಅವನ ಹೆಂಡತಿ ಡೆಸ್ಡಿಮೋನಾ ಈಕೆಯೇ. ಬಿಳಿಯ ನಟಿ ಕಪ್ಪು ನಟನ ಜೊತೆ ಅಭಿನಯಿಸುವುದು ಆ ಕಾಲಕ್ಕೆ ಎಂಥ ಮಾತೆಂದು ಒಂದೆರಡು ಸಾಲು ಸೇರಿಸು, ಸಾಕು.

ಹೆಚ್ಚು ಜಾಗ 1963ಕ್ಕೆ ಇಡು. ಶೇಕ್ಸ್‌ಪಿಯರನ ಹುಟ್ಟೂರು ಸ್ಟ್ರಾಟ್‌ಫರ್ಡ್‌ನಲ್ಲಿ ನಿರ್ದೇಶಕರಾದ ಪೀಟರ್ ಹಾಲ್ ಮತ್ತು ಜಾನ್ ಬಾರ್ಟನ್ ಅವನ ಚರಿತ್ರೆ ನಾಟಕಗಳನ್ನು 'ದಿ ವಾರ್ಸ್ ಆಫ್ ದಿ ರೋಸಸ್' ಎಂದು ಹೊಸದಾಗಿ ಕಟ್ಟಿದರು. 55ರ ಈಕೆ ರಾಣಿ ಮಾರ್ಗರೆಟ್. ಮೊದಲು ಫ್ರಾನ್ಸಿನಿಂದ ಬಂದ ಹರೆಯದ ಹುಡುಗಿ, ಕೊನೆಗೆ ಎಲ್ಲ ಕಳಕೊಂಡು ಶಾಪ ಹಾಕುವ ಮುದುಕಿ. ನಡುವೆ ಯಾರ್ಕ್ ದೊರೆಯ ತಲೆಗೆ ಕಾಗದದ ಕಿರೀಟ ಇಟ್ಟು, ಅವನ ಮಗನ ರಕ್ತದಲ್ಲಿ ಅದ್ದಿದ ಕರವಸ್ತ್ರ ಕೊಟ್ಟು ಕಣ್ಣೊರೆಸಿಕೋ ಅನ್ನುತ್ತಾಳೆ. ಒಂದೇ ದೇಹ ಇಷ್ಟೆಲ್ಲ ವಯಸ್ಸು ಹೊತ್ತುಕೊಂಡದ್ದು ಹೇಗೆ? ನನ್ನ ಮಟ್ಟಿಗೆ ನಿನ್ನ ಲೇಖನ ಇಲ್ಲಿದೆ.

ಬೆಂಗಳೂರಿನ ವಿಷಯ. ಆಕೆಗೆ ಆಸ್ಕರ್ ತಂದ ಚಿತ್ರ 'ಎ ಪ್ಯಾಸೇಜ್ ಟು ಇಂಡಿಯಾ'ದ ಗುಹೆಯ ಭಾಗಗಳನ್ನು ನಿರ್ದೇಶಕ ಡೇವಿಡ್ ಲೀನ್ ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ ಚಿತ್ರಿಸಿದ್ದು ನಿಜ. ಹಾಗಂತ ಆಕೆಯನ್ನು 'ನಮ್ಮ ಪೆಗ್ಗಿ' ಮಾಡಬೇಡ. ಗುಹೆಯೊಳಗೆ ಪ್ರತಿಧ್ವನಿ ಕೇಳಿದ ಮಿಸೆಸ್ ಮೂರ್, ಅಂದರೆ ಆಕೆಯ ಪಾತ್ರ, ಉಸಿರುಕಟ್ಟಿ ಹೊರಬರುವಾಗಿನ ಮುಖ ಬರೆ. ಬೆಟ್ಟ ತಾನಾಗಿ ಅಲ್ಲಿ ಬರುತ್ತದೆ.

ತಿದ್ದಿ ಕಳಿಸು. ಹಾಂ, ಹೆಸರನ್ನು ಮೊದಲೆರಡು ಪುಟದಲ್ಲಿ 'ಆಶ್‌ಕ್ರಾಫ್ಟ್' ಅಂತಲೂ ಆಮೇಲೆ 'ಆಷ್‌ಕ್ರಾಫ್ಟ್' ಅಂತಲೂ ಬರೆದಿದ್ದೀಯ. ಯಾವುದಾದರೂ ಒಂದಿಟ್ಟುಕೋ.

ನಿನ್ನ ಅಣ್ಣ