ಆ ಗಿಟಾರ್ ಜೊತೆ ಒಂದು ಆರ್ಗನ್ ಕೂಡ ಇದೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್ ಬ್ಯಾಂಡಿನ ‘ಮಷೀನ್ ಹೆಡ್’ ಆಲ್ಬಮ್ ಬಗ್ಗೆ ಬಂದ ಲೇಖನ ಓದಿದೆ. 1972ರ ಒಂದು ರಾಕ್ ಆಲ್ಬಮ್ಮಿಗೆ ಕನ್ನಡ ಪತ್ರಿಕೆ ಅರ್ಧ ಪುಟ ಕೊಟ್ಟಿದ್ದು ನೋಡಿ ಬಹಳ ಖುಷಿಯಾಯಿತು. ಆದರೆ ಇಡೀ ಲೇಖನದಲ್ಲಿ ಬ್ಯಾಂಡಿನ ಆರ್ಗನ್ ವಾದಕ ಜಾನ್ ಲಾರ್ಡ್ ಹೆಸರೇ ಇಲ್ಲ. ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಗಿಟಾರ್ ಒಂದೇ ಈ ಆಲ್ಬಮ್ಮಿನ ಜೀವ, ಉಳಿದ ಹಾಡುಗಳೆಲ್ಲ ಸುಮ್ನೆ ಭರ್ತಿಗೆ ಎನ್ನುವ ಹಾಗೆ ಬರೆದಿದ್ದಾರೆ. ಇದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ.

ನಾನು ಧಾರವಾಡದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ಕಲಿಸುತ್ತೇನೆ, ಗಾಯಕರಿಗೆ ಸಾಥ್ ಕೊಡುತ್ತೇನೆ. ನಮ್ಮಣ್ಣ ತಂದಿದ್ದ ಕ್ಯಾಸೆಟ್ಟಿನಲ್ಲಿ ಈ ಆಲ್ಬಮ್ ಮೊದಲು ಕೇಳಿದ್ದು. ಅಣ್ಣನಿಗೆ ಗಿಟಾರ್ ಹುಚ್ಚು. ನನ್ನ ಕಿವಿ ಮಾತ್ರ ಆಗಲೇ ಕೀಬೋರ್ಡಿನ ಕಡೆ ಹೋಗಿತ್ತು.

‘ಸ್ಮೋಕ್ ಆನ್ ದ ವಾಟರ್’ನ ಆ ಪ್ರಸಿದ್ಧ ರಿಫ್ಫನ್ನೇ, ಅಂದರೆ ಮತ್ತೆ ಮತ್ತೆ ಬರುವ ಆ ಚಿಕ್ಕ ಸ್ವರಗುಚ್ಛವನ್ನೇ ತೆಗೆದುಕೊಳ್ಳಿ. ಮೊದಲ ಸುತ್ತು ರಿಚಿ ಬ್ಲ್ಯಾಕ್‌ಮೋರ್ ಒಬ್ಬರದೇ ಗಿಟಾರ್. ಆಮೇಲೆ ಡ್ರಮ್ಮರ್ ಇಯಾನ್ ಪೇಸ್ ಅವರ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಬರುತ್ತದೆ. ಅದರ ಜೊತೆಗೇ ದನಿ ದಪ್ಪಗಾಗುತ್ತದೆ. ಗಿಟಾರಿನ ಸದ್ದು ಜೋರಾಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಅಲ್ಲಿ ಲಾರ್ಡ್ ಅವರ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ ಅದೇ ಸ್ವರಗಳನ್ನು ನುಡಿಸುತ್ತಾ ಸೇರಿಕೊಂಡಿದೆ. ಆ ಆರ್ಗನ್ನಿಗೆ ಸಾಮಾನ್ಯವಾಗಿ ಲೆಸ್ಲಿ ಎಂಬ ತಿರುಗುವ ಸ್ಪೀಕರ್ ಹಾಕುತ್ತಾರೆ. ಲಾರ್ಡ್ ಅದರ ಬದಲು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ತಮ್ಮ ಆರ್ಗನ್ ಜೋಡಿಸಿದರು. ಅದಕ್ಕೇ ದನಿ ಒಡೆದು, ಗರಗಸದಂತೆ ಕೇಳಿಸುತ್ತದೆ. ಜಗತ್ತಿನಲ್ಲಿ ಗಿಟಾರ್ ಕಲಿಯುವ ಹುಡುಗರೆಲ್ಲ ಮೊದಲು ಬಾರಿಸುವ ಆ ರಿಫ್ಫಿನಲ್ಲಿ ಅರ್ಧ ಪಾಲು ಆರ್ಗನ್ನಿನದು!

ಈ ಆಲ್ಬಮ್ ರೆಕಾರ್ಡ್ ಆದ ಬಗೆಯೂ ಕೇಳುವಂಥದ್ದು. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಊರಿನಲ್ಲಿ, ಬ್ಯಾಂಡಿನವರು ರೆಕಾರ್ಡಿಂಗಿಗೆಂದು ಗೊತ್ತುಮಾಡಿದ್ದ ಕ್ಯಾಸಿನೋಗೆ ಬೆಂಕಿ ಬಿದ್ದ ಕಥೆ ನಿಮ್ಮ ಲೇಖಕರು ಚೆನ್ನಾಗಿಯೇ ಹೇಳಿದ್ದಾರೆ. ಅದರ ನಂತರದ್ದು ನನಗೆ ಇನ್ನೂ ಇಷ್ಟ. ಜಾಗ ಹುಡುಕಿ ಒಂದು ಥಿಯೇಟರಿಗೆ ಹೋದರು. ಗಲಾಟೆ ಜಾಸ್ತಿ ಅಂತ ಊರವರು ದೂರು ಕೊಟ್ಟರು, ಅಲ್ಲಿಂದಲೂ ಎದ್ದರು. ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲ್. ಅದರ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ಇಟ್ಟು, ಅಲ್ಲೇ ಕೂತು ನುಡಿಸಿದರು. ರೆಕಾರ್ಡಿಂಗ್ ಯಂತ್ರವಿದ್ದದ್ದು ಹೊರಗೆ ನಿಂತಿದ್ದ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಲಾರಿಯಲ್ಲಿ. ನುಡಿಸಿದ್ದನ್ನು ಕೇಳಬೇಕೆಂದರೆ ಕೋಣೆ, ಬಾಲ್ಕನಿಗಳನ್ನೆಲ್ಲ ದಾಟಿ ಲಾರಿಯ ತನಕ ನಡೆಯಬೇಕಿತ್ತು. ಬೇಸರವಾಗಿ ಹೋಗುವುದನ್ನೇ ಬಿಟ್ಟರು. ತಮ್ಮ ಕಿವಿಗೆ ಸರಿ ಅನಿಸುವ ತನಕ ನುಡಿಸಿ ಮುಂದಕ್ಕೆ ಹೋದರು. ಎದುರುಬದುರು ಕೂತು ನುಡಿಸಿದ ಬಿಸಿ ಆ ಹಾಡುಗಳಲ್ಲಿ ಈಗಲೂ ಇದೆ. ಕಛೇರಿ ಮಾಡುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ, ಅಲ್ವಾ?

‘ಲೇಜಿ’ ಹಾಡನ್ನು ಭರ್ತಿ ಅನ್ನುವುದು ಹೇಗೆ? ಶುರುವಿನಲ್ಲಿ ಬರೀ ಆರ್ಗನ್, ಅದೂ ಅವಸರವಿಲ್ಲದೆ. ಆಮೇಲೆ ಲಯ ಕೂಡುತ್ತದೆ, ಗಿಟಾರ್ ಬರುತ್ತದೆ, ಇಬ್ಬರೂ ಕೊಟ್ಟು ತೆಗೆದುಕೊಳ್ಳುತ್ತಾರೆ. ಗಾಯಕ ಇಯಾನ್ ಗಿಲನ್ ಬಾಯಿ ತೆರೆಯುವ ಹೊತ್ತಿಗೆ ಅರ್ಧ ಹಾಡು ಮುಗಿದಿರುತ್ತದೆ. ಪೇಟಿಯವನಾಗಿ ನಾನು ಸದಾ ಗಾಯಕರ ಹಿಂದೆ ನಡೆಯುವವನು. ಕೀಲಿಮಣೆ ಮುಂದೆ ನಡೆದು ಹಾಡುಗಾರ ಕಾಯುವುದನ್ನು ನಾನು ಮೊದಲು ಕೇಳಿದ್ದು ಇಲ್ಲಿಯೇ. ‘ಹೈವೇ ಸ್ಟಾರ್’ನಲ್ಲಿ ಮೊದಲು ಆರ್ಗನ್ ಸೋಲೋ, ಆಮೇಲೆ ಗಿಟಾರಿನದು. ಎರಡರಲ್ಲೂ ಹಳೆಯ ಜರ್ಮನ್ ಸಂಗೀತಕಾರ ಬಾಕ್ ಅವರ ಸಂಗೀತದ ನೆರಳಿದೆ. ‘ಪಿಕ್ಚರ್ಸ್ ಆಫ್ ಹೋಮ್’ನಲ್ಲಿ ರೋಜರ್ ಗ್ಲೋವರ್ ಅವರ ಬೇಸ್ ಗಿಟಾರಿಗೂ ಒಂದು ಸೋಲೋ ಇದೆ. ‘ನೆವರ್ ಬಿಫೋರ್’ ಮಾತ್ರ ನನಗೆ ಅಷ್ಟಕ್ಕಷ್ಟೆ. ಬ್ಯಾಂಡಿನವರು ಮೊದಲ ಸಿಂಗಲ್ ಆಗಿ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡಾಗಿ) ಬಿಟ್ಟಿದ್ದು ಅದನ್ನೇ.

ಅದೇ ಹೋಟೆಲಿನಲ್ಲಿ ರೆಕಾರ್ಡ್ ಆದ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಆಲ್ಬಮ್ಮಿನಲ್ಲಿ ಸೇರಲಿಲ್ಲ, ಆ ಸಿಂಗಲ್ಲಿನ ಹಿಂಬದಿಗೆ ಹೋಯಿತು. ಇಷ್ಟು ನಿಧಾನದ, ಇಷ್ಟು ನೋವಿನ ಹಾಡನ್ನು ಹೊರಗಿಟ್ಟದ್ದು ನನಗೆ ಈಗಲೂ ಸಂಕಟ. 1997ರ ಆವೃತ್ತಿಯಲ್ಲಿ ಅದು ಸೇರಿದೆ, ಓದುಗರು ಹುಡುಕಿ ಕೇಳಲಿ.

2024ರಲ್ಲಿ ಈ ಆಲ್ಬಮ್ಮಿನ ಹೊಸ ಮಿಕ್ಸ್ ಬಂತು, ಅಂದರೆ ಅದೇ ರೆಕಾರ್ಡಿಂಗಿನ ವಾದ್ಯಗಳ ದನಿಗಳನ್ನು ಹೊಸದಾಗಿ ಹೊಂದಿಸಿದ ಆವೃತ್ತಿ. ಮಾಡಿದವರು ಡ್ವೀಜಿಲ್ ಜಪ್ಪಾ. ಕ್ಯಾಸಿನೋ ಹೊತ್ತಿ ಉರಿದಾಗ ವೇದಿಕೆಯಲ್ಲಿ ಕಛೇರಿ ನಡೆಸುತ್ತಿದ್ದ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಜಪ್ಪಾ ಅವರ ಮಗ! ನನಗಂತೂ ಹಳೆಯದೇ ಹೆಚ್ಚು. ಮೊದಲ ಸಲ ಕೇಳುವವರಿಗೂ ಅದನ್ನೇ ಹೇಳುತ್ತೇನೆ. ಏಳೇ ಹಾಡು, ನಲವತ್ತು ನಿಮಿಷವೂ ಇಲ್ಲ.

ಲಾರ್ಡ್ 2012ರಲ್ಲಿ ತೀರಿಕೊಂಡರು. 1969ರಲ್ಲೇ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಕ್ ಬ್ಯಾಂಡನ್ನೂ ಪೂರ್ಣ ಆರ್ಕೆಸ್ಟ್ರಾವನ್ನೂ ಒಂದೇ ವೇದಿಕೆಗೆ ತಂದು, ಇಬ್ಬರಿಗೂ ಸೇರಿಸಿ ತಾವೇ ರಚಿಸಿದ್ದ ಕನ್ಸರ್ಟೋ ಎಂಬ ದೀರ್ಘ ಕೃತಿ ನುಡಿಸಿದ್ದರು. ಅದರ ಬಗ್ಗೆ ನಿಮ್ಮ ಪುರವಣಿ ಇನ್ನೊಂದು ಅರ್ಧ ಪುಟ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಪೇಟಿ ಮಾಸ್ತರ, ಧಾರವಾಡ